ಲೂಪ್ ಕಣಿವೆಯ ದಿನಚರಿ ಕಟ್ಟಿದ ಬಗೆ

ಅಮೆರಿಕದ ನೆಬ್ರಾಸ್ಕದಲ್ಲಿ, ಲೂಪ್ ನದಿಯ ಕಣಿವೆಗೆ 1873ರ ವಸಂತದಲ್ಲಿ ಬಂದಿಳಿದ ಒಬ್ಬ ರೈತ ಹೆಂಗಸಿನ ಕಾಲ್ಪನಿಕ ದಿನಚರಿಯನ್ನು ಕನ್ನಡದಲ್ಲಿ ಬರೆಯುವಾಗ ನಾನು ಹಿಡಿದ ದಾರಿ ಇದು. ಇಂಥ ಬರವಣಿಗೆ ಹೆಚ್ಚಾಗಿ ಎಡವುವುದು ಲೆಕ್ಕದಲ್ಲಿ. ಆದ್ದರಿಂದ ಮೊದಲು ಬರೆದದ್ದು ಆ ಮನೆಯ ಖರ್ಚಿನ ಪುಸ್ತಕ. ದುಡ್ಡು, ಹಿಟ್ಟು, ಉರುವಲು, ದಾರಿ ಈ ನಾಲ್ಕೂ ಕಾಗದದ ಮೇಲೆ ಕೂತ ಮೇಲೆ ಯಾವ ದಿನ ಏನು ಬರೆಯಬೇಕೆಂದು ತಡಕಾಡುವ ಪ್ರಮೇಯವೇ ಬರಲಿಲ್ಲ.

ನೆಲೆಸಲು ಬಂದವರಿಗೆ ಸರ್ಕಾರಿ ಜಮೀನು ಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಸಿಗುತ್ತಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕು. ಸರ್ಕಾರಕ್ಕೆ ಕಟ್ಟುವ ಶುಲ್ಕ ಎಲ್ಲ ಸೇರಿ 18 ಡಾಲರ್, ಅದರಲ್ಲಿ 6 ಡಾಲರ್ ಕೊನೆಗೆ, ಪಟ್ಟಾ ಪಡೆಯುವಾಗ. ಜಮೀನು ಪುಕ್ಕಟೆ ಎನ್ನುವುದು ಇಷ್ಟರ ಮಟ್ಟಿಗೆ ನಿಜ. ಎತ್ತು, ಗಾಡಿ, ನೇಗಿಲು, ಕಬ್ಬಿಣದ ಒಲೆ, ಮೊದಲ ಬೆಳೆ ಕೈಸೇರುವ ತನಕದ ಊಟ ಇವೆಲ್ಲ ಕೈಯಿಂದಲೇ ಹೋಗಬೇಕು. ಮನೆ ಕಟ್ಟುವ ಖರ್ಚಿಗೆ ಅಳತೆಗೋಲಾಗಿ 1872ರ ನೆಬ್ರಾಸ್ಕದ ಒಂದು ಲೆಕ್ಕ ಇಟ್ಟುಕೊಂಡೆ. ದಿಬ್ಬ ಕೊರೆದು ಮಾಡಿದ 14 ಅಡಿ ಚೌಕದ ಮನೆ: ಕಿಟಕಿ 1.25 ಡಾಲರ್, ಬಾಗಿಲಿಗೆ ಹಲಗೆ 54 ಸೆಂಟ್, ಚಿಲಕ ಮತ್ತು ಕೀಲು 50, ಹೊಗೆಕೊಳವೆ 30, ಮೂರು ಪೌಂಡ್ ಮೊಳೆ 19½. ಒಟ್ಟು 2 ಡಾಲರ್ 78½ ಸೆಂಟ್. ಎಲ್ಲಕ್ಕಿಂತ ದುಬಾರಿ ಬಾಬ್ತು ಕಿಟಕಿ ಎಂದು ತಿಳಿದಾಗ, ಆ ಗಾಜು ಒಡೆದ ದಿನ ದಿನಚರಿಯಲ್ಲಿ ಬಂದೇ ಬರಬೇಕು ಎಂಬುದೂ ತಿಳಿಯುತ್ತದೆ.

ಇಡೀ ದಿನಚರಿಯ ಬೆನ್ನೆಲುಬು ಹುಲ್ಲುಹೆಂಟೆಯ ಮನೆ. ಮರ ಸಿಗುವುದು ನದಿಯ ಅಂಚಿನಲ್ಲಿ, ಕೊರಕಲುಗಳಲ್ಲಿ ಮಾತ್ರ. ಹಾಗಾಗಿ ಹುಲ್ಲುಗಾವಲಿನ ನೆಲವನ್ನೇ ಬೇರು ಸಮೇತ ಪಟ್ಟಿ ಪಟ್ಟಿಯಾಗಿ ಉತ್ತು, ಸುಮಾರು ಒಂದು ಅಡಿ ಅಗಲ, ಎರಡರಿಂದ ಮೂರು ಅಡಿ ಉದ್ದ, ನಾಲ್ಕು ಅಂಗುಲ ದಪ್ಪದ ತುಂಡು ಮಾಡುತ್ತಿದ್ದರು. 16 ಅಡಿಗೆ 20 ಅಡಿಯ ಮನೆಗೆ ಅಂಥ ಸುಮಾರು 3,000 ಹೆಂಟೆ ಬೇಕು. ಹುಲ್ಲಿನ ಮುಖ ಕೆಳಗೆ ಮಾಡಿ, ಎರಡು ಸಾಲು ಜೋಡಿಸಿ, ಮೂರು ನಾಲ್ಕು ವರಸೆಗೊಮ್ಮೆ ಅಡ್ಡ ಇಟ್ಟು ಗೋಡೆ ಕಟ್ಟಬೇಕು. ಕಿತ್ತ ಹೆಂಟೆ ಒಣಗಿದರೆ ಪುಡಿಯಾಗುತ್ತದೆ, ಆ ದಿನಕ್ಕೆ ಬೇಕಾದಷ್ಟನ್ನೇ ಕೀಳಬೇಕು. "ಒಂದು ವಾರ ಹೆಂಟೆ ಕಿತ್ತರು, ಮರುವಾರ ಗೋಡೆ ಎಬ್ಬಿಸಿದರು" ಎಂದು ಬರೆದರೆ ವಿಷಯ ಬಲ್ಲ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. ಗೋಡೆ ತಿಂಗಳುಗಟ್ಟಲೆ ಕುಸಿದು ಕೂರುತ್ತಿರುತ್ತದೆ. ಅದಕ್ಕೇ ಕಿಟಕಿ ಚೌಕಟ್ಟಿನ ಮೇಲೆ ಕೆಲವು ಅಂಗುಲ ಜಾಗ ಬಿಟ್ಟು ಚಿಂದಿ ತುರುಕುತ್ತಿದ್ದರು. ಬಿಡದಿದ್ದರೆ ಗಾಜು ಒಡೆಯುತ್ತದೆ. ಸೂರೂ ಹೆಂಟೆಯದೇ. ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರುನೀರು ತೊಟ್ಟಿಕ್ಕುತ್ತಿರುತ್ತದೆ. ಮಣ್ಣು, ಹುಳ, ಒಮ್ಮೊಮ್ಮೆ ಹಾವು ಕೂಡ ಬೀಳದಿರಲೆಂದು ಒಳಗೆ ಮಸ್ಲಿನ್ ಬಟ್ಟೆ ಕಟ್ಟುತ್ತಿದ್ದರು.

ಉರುವಲಿನ ಲೆಕ್ಕ ಸುಲಭ. ಬಯಲಲ್ಲಿ ಬಿದ್ದು ಒಣಗಿದ ಸಗಣಿ, ಮೆಕ್ಕೆಜೋಳದ ದಿಂಡು, ಹೊಸೆದು ಸಿಂಬಿ ಮಾಡಿದ ಹುಲ್ಲು. ಹುಲ್ಲು ಭಗ್ಗನೆ ಉರಿದು ಬೂದಿಯಾಗುವುದರಿಂದ ಚಳಿಗಾಲದಲ್ಲಿ ಮನೆಯ ಒಬ್ಬರ ಕೈ ಇಡೀ ದಿನ ಹೊಸೆಯುತ್ತಲೇ ಇರಬೇಕು. ರೈಲು ಬರುವ ಗ್ರ್ಯಾಂಡ್ ಐಲೆಂಡ್ ನಾನು ಗುರುತಿಸಿಕೊಂಡ ಜಾಗದಿಂದ ಸುಮಾರು 50 ಮೈಲಿ. ಎತ್ತಿನ ಗಾಡಿ ದಿನಕ್ಕೆ 15 ಮೈಲಿ ದಾಟುವುದು ಕಷ್ಟ. ಗಂಡ ಹಿಟ್ಟು ತರಲು ಹೋದನೆಂದರೆ ಒಂದು ವಾರದ ಮೇಲೆ ಆಕೆ ಒಂಟಿ. ಆ ಪುಟಗಳಲ್ಲಿ ಅವನು ಕಾಣಿಸಿಕೊಳ್ಳಬಾರದು.

ಆಮೇಲೆ ಕ್ಯಾಲೆಂಡರ್. 1873, 1874ರ ಪ್ರತಿ ತಾರೀಖಿಗೂ ವಾರ ಮತ್ತು ಚಂದ್ರನ ಸ್ಥಿತಿ ಗುರುತು ಹಾಕಿದೆ. 1873ರ ಏಪ್ರಿಲ್ 13 ಈಸ್ಟರ್ ಭಾನುವಾರ. ಅಂದು ಮಳೆಯಾಗಿ ಶುರುವಾದದ್ದು ಮೂರು ದಿನದ ಹಿಮಬಿರುಗಾಳಿಯಾಯಿತು. ದನಗಳನ್ನು ಮನೆಯೊಳಗೆ ಕಟ್ಟಿಕೊಂಡವರಿದ್ದರು. ಈಸ್ಟರ್ ಬರುವುದೇ ಹುಣ್ಣಿಮೆಯ ನಂತರ, ಹಾಗಾಗಿ ಬಿರುಗಾಳಿಯ ಹಿಂದಿನ ರಾತ್ರಿಗೆ ಅಮಾವಾಸ್ಯೆಯ ಕತ್ತಲು ಬರೆಯುವಂತಿಲ್ಲ. ವಸ್ತುಗಳಿಗೂ ಇದೇ ನಿಯಮ. ಗ್ಲಿಡನ್‌ನ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿದ್ದು 1874ರ ನವೆಂಬರ್‌ನಲ್ಲಿ, ಅಲ್ಲಿಯವರೆಗೆ ಅವಳ ಹೊಲಕ್ಕೆ ಅದರ ಬೇಲಿ ಇಲ್ಲ. ರೈಲ್ವೆ ಕಂಪನಿಗಳು ಏಕರೂಪದ ಗಂಟೆ ತಂದದ್ದು 1883ರಲ್ಲಿ, ಅಷ್ಟರವರೆಗೆ ಊರಿಗೊಂದು ಸಮಯ. ಅವಳ ಕಾಗದಕ್ಕೆ ಮೂರು ಸೆಂಟಿನ ಅಂಚೆಚೀಟಿ.

ಇಷ್ಟೆಲ್ಲ ಗೊತ್ತಾದ ಮೇಲೆ ಅದನ್ನೆಲ್ಲ ಅವಳ ಬಾಯಲ್ಲಿ ಹೇಳಿಸುವ ಆಸೆ ಬರುತ್ತದೆ. 1874ರ ಬೇಸಿಗೆಯ ಮಿಡತೆ ದಾಳಿಯನ್ನೇ ತೆಗೆದುಕೊಳ್ಳಿ. "ರಾಕಿ ಪರ್ವತದ ಕಡೆಯಿಂದ ಕೋಟ್ಯಂತರ ಮಿಡತೆಗಳು ಬಂದು ನೆಬ್ರಾಸ್ಕದ ಮೆಕ್ಕೆಜೋಳವನ್ನು ನಾಶ ಮಾಡಿದವು" ಎನ್ನುವುದು ಪತ್ರಿಕೆಯ ವರದಿ. ಅವಳಿಗೆ ನೆಬ್ರಾಸ್ಕ ಕಾಣುವುದಿಲ್ಲ, ಹಿತ್ತಲು ಕಾಣುತ್ತದೆ. ನಾನು ಉಳಿಸಿಕೊಂಡ ಬರಹ ಹೀಗಿದೆ:

"ಭಾನುವಾರ, ಜುಲೈ 26. ಮಧ್ಯಾಹ್ನ ಬಿಸಿಲು ಮಂಕಾಯಿತು. ಮಳೆ ಬಂತೆಂದು ಒಗೆದ ಬಟ್ಟೆ ತರಲು ಓಡಿದೆ. ಮಳೆಯಲ್ಲ. ಎಲೆಕೋಸಿನ ಮೇಲೆ ಎರಡು ಕೌದಿ ಹೊದಿಸಿದೆವು.

ಸೋಮವಾರ. ಕೌದಿಯನ್ನೂ ತಿಂದಿವೆ. ಈರುಳ್ಳಿ ಮಡಿಯಲ್ಲಿ ಬರೀ ಗುಣಿ. ಗುದ್ದಲಿಯ ಹಿಡಿ ಒರಟಾಗಿದೆ.

ಶುಕ್ರವಾರ. ಬಾವಿನೀರು ನಾರುತ್ತದೆ. ಗೋಧಿ ಮೊದಲೇ ಕೊಯ್ದಿದ್ದೆವು."

ಬೆವರಿನ ಉಪ್ಪಿಗಾಗಿ ಮಿಡತೆಗಳು ಹಿಡಿಯ ಮರವನ್ನು ಕೆರೆಯುತ್ತವೆ ಎಂಬ ವಿವರಣೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ನಡುವಿನ ಮೂರು ದಿನದ ಮೌನವೂ ಬರಹದ ಭಾಗವೇ. ಮುಂದಿನ ವಸಂತದಲ್ಲಿ ನೆಲದೊಳಗಿನ ಮೊಟ್ಟೆಗಳು ಒಡೆಯುತ್ತವೆ ಎಂಬುದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮುಂದಾಗುವುದರ ಸುಳಿವು ಕೊಡುವ ಒಂದು ವಾಕ್ಯ ನುಸುಳಿದರೂ ದಿನಚರಿ ಆತ್ಮಕಥೆಯಾಗಿಬಿಡುತ್ತದೆ.

ಅತಿ ಹೆಚ್ಚು ಯೋಚಿಸಿ ಬರೆದದ್ದು ಅಲ್ಲಿನ ಮೂಲನಿವಾಸಿಗಳಾದ ಪಾನೀ ಜನರ ವಿಷಯ. ಅವಳು ಉತ್ತ ನೆಲ ಅವರದಾಗಿತ್ತು. ಒಪ್ಪಂದದ ಮೇಲೆ ಒಪ್ಪಂದವಾಗಿ ನೆಬ್ರಾಸ್ಕದ ಜಿನೋವಾ ಊರಿನ ಬಳಿಯ ಒಂದು ಮೀಸಲು ಪ್ರದೇಶವಷ್ಟೇ ಅವರಿಗೆ ಉಳಿದಿತ್ತು. 1870ರ ದಶಕದ ನಡುವಿನಲ್ಲಿ ಅದನ್ನೂ ಬಿಟ್ಟು ದಕ್ಷಿಣದ ಇಂಡಿಯನ್ ಟೆರಿಟರಿಗೆ, ಅಂದರೆ ಇಂದಿನ ಒಕ್ಲಹೋಮಕ್ಕೆ, ಹೋಗಬೇಕಾಯಿತು. ದಿನಚರಿ ಬರೆಯುವವಳಿಗೆ ಇಂದಿನ ತಿಳಿವಳಿಕೆ ಕೊಡುವುದು ಸುಳ್ಳು, ಅವಳ ಹೆದರಿಕೆಯನ್ನೇ ಪೂರ್ತಿ ಸತ್ಯವೆಂಬಂತೆ ಬಿಡುವುದು ಅನ್ಯಾಯ. ಅವಳ ಕಣ್ಣಿಗೆ ಬೀಳುವುದನ್ನಷ್ಟೇ ಬರೆದೆ: ಬಾಗಿಲಿಗೆ ಬಂದು ರೊಟ್ಟಿ ಕೇಳಿದ ಮುದುಕ, ನದಿ ದಾಟುವ ಜಾಗ ಗಂಡನಿಗಿಂತ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು, ಮುಂದಿನ ವರ್ಷ ಆ ದಾರಿಯಲ್ಲಿ ಯಾರೂ ಬಾರದೇ ಹೋದದ್ದು.

ಇನ್ನು ಪುಟದ ರೂಪ. ಆ ಕಾಲದ ನಿಜವಾದ ದಿನಚರಿಗಳಲ್ಲಿ ಹವೆ, ಒಗೆತ, ಬೇಯಿಸಿದ್ದು, ಬಂದವರು ಇಷ್ಟೇ ಹೆಚ್ಚು. ಬಸಿರಿನ ಮಾತು ಬರುವುದೇ ಅಪರೂಪ, ಮಗು ಹುಟ್ಟಿದ್ದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಸೀಮೆಎಣ್ಣೆಗೆ ದುಡ್ಡು ಬೇಕಾದ್ದರಿಂದ ಚಳಿಗಾಲದ ಬರಹ ಗಿಡ್ಡ. ಕಡುಚಳಿಯಲ್ಲಿ ಶಾಯಿ ಹೆಪ್ಪುಗಟ್ಟುತ್ತದೆ, ಆ ಪುಟಗಳು ಪೆನ್ಸಿಲಿನವು. ಎರಡು ಸಾಲಿನ ದಿನಗಳು ಸಾಲುಗಟ್ಟಿ ಬಂದ ಮೇಲೆ ಒಂದು ಉದ್ದದ ದಿನ ಬರಬೇಕು, ಅದಕ್ಕೂ ಖರ್ಚಿನ ಪುಸ್ತಕದಲ್ಲಿ ಕಾರಣ ಇರಬೇಕು: ಬಿರುಗಾಳಿಯಿಂದ ಕೆಲಸ ನಿಂತಿದೆ, ಇಲ್ಲವೇ ಗಂಡ ಪೇಟೆಯಿಂದ ಎಣ್ಣೆ ತಂದಿದ್ದಾನೆ. ಕೊನೆಯ ತಿದ್ದುಪಡಿಗೆ ದಿನಚರಿಯನ್ನೂ ಖರ್ಚಿನ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ತಾರೀಖು ತಾರೀಖಾಗಿ ತಾಳೆ ನೋಡಿ, ಹಿಟ್ಟು ಮುಗಿದ ವಾರದಲ್ಲಿ ಬ್ರೆಡ್ಡು ಬೇಯಿಸಿದ ಸಾಲುಗಳನ್ನು ಹೊಡೆದುಹಾಕಿದೆ.