ಎಡಿಟರ್ ಒಂದೇ ಸಾಕೇ, ನಾಲ್ಕು ಬೇಕೇ?

ಒಂದು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ವಿಂಡೊ) ವಿಮ್ ಎಂಬ ಎಡಿಟರ್, ಅಂದರೆ ಫೈಲ್ ತಿದ್ದುವ ಪ್ರೋಗ್ರಾಂ, ಪಕ್ಕದ ಟರ್ಮಿನಲ್‌ನಲ್ಲೂ ವಿಮ್, ಮೂರನೆಯದರಲ್ಲಿ ಕಂಟ್ರೋಲ್-ಜಡ್ ಒತ್ತಿ ಮಲಗಿಸಿ ಮರೆತೇಬಿಟ್ಟ ಮತ್ತೊಂದು ವಿಮ್. ಹೀಗೆ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕೆಲಸವೇನೋ ನಡೆಯುತ್ತದೆ. ಆದರೆ ಒಂದೇ ಫೈಲ್ ಎರಡು ಕಡೆ ತೆರೆದುಕೊಂಡಾಗ, ಇಲ್ಲಿ ತಿದ್ದಿದ್ದನ್ನು ಅಲ್ಲಿನ ಸೇವ್ ಅಳಿಸಿಹಾಕುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ಪ್ರಾಜೆಕ್ಟ್‌ಗೆ ಒಂದು ಎಡಿಟರ್, ಅದು ತೆರೆದೇ ಇರಲಿ. ಎರಡು ಸಾಲು ತಿದ್ದುವ ಚಿಲ್ಲರೆ ಕೆಲಸಕ್ಕೆ ಬೇರೆ ತೆರೆದು, ಮುಗಿದ ಕೂಡಲೇ ಮುಚ್ಚಿಬಿಡಿ. ಇದನ್ನು ರೂಢಿ ಮಾಡಿಕೊಳ್ಳುವುದು ಹೇಗೆ ನೋಡೋಣ. ಇಲ್ಲಿ ಹೇಳುವುದು ಲಿನಕ್ಸ್ ಮತ್ತು ಮ್ಯಾಕ್ ಟರ್ಮಿನಲ್‌ನ ವಿಷಯ. ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಹೆಜ್ಜೆ 1: ಈಗ ಎಷ್ಟು ತೆರೆದಿವೆ ನೋಡಿ

ಪ್ರತಿ ಟರ್ಮಿನಲ್‌ನಲ್ಲೂ ‘ಜಾಬ್ಸ್’ ಎಂದು ಕೊಡಿ. ಅಲ್ಲಿ ಮಲಗಿರುವ ಎಡಿಟರ್‌ಗಳ ಪಟ್ಟಿ ಬರುತ್ತದೆ. ‘ಎಫ್‌ಜಿ’ ಕೊಟ್ಟರೆ ಕೊನೆಗೆ ಮಲಗಿಸಿದ್ದು ಎದ್ದು ಬರುತ್ತದೆ. ಬೇರೆಯದು ಬೇಕಿದ್ದರೆ ‘ಎಫ್‌ಜಿ’ ಆದಮೇಲೆ ಪರ್ಸೆಂಟ್ ಗುರುತು ಹಾಕಿ ಪಟ್ಟಿಯ ನಂಬರ್ ಕೊಡಿ. ಒಂದೊಂದನ್ನೇ ಎಬ್ಬಿಸಿ, ಸೇವ್ ಮಾಡಿ, ಮುಚ್ಚಿ.

ಹೆಜ್ಜೆ 2: ಎಚ್ಚರಿಕೆ ಬಂದರೆ ಓದಿ

ವಿಮ್‌ನಲ್ಲಿ ಫೈಲ್ ತೆರೆದ ಕೂಡಲೇ ಅದರ ಪಕ್ಕದಲ್ಲೇ ಒಂದು ಗುಪ್ತ ಸ್ವಾಪ್ ಫೈಲ್ ಹುಟ್ಟುತ್ತದೆ. ಹೆಸರಿನ ಮುಂದೆ ಒಂದು ಚುಕ್ಕಿ, ಕೊನೆಯಲ್ಲಿ ‘ಎಸ್‌ಡಬ್ಲ್ಯುಪಿ’. ನೀವು ಸುಮಾರು 200 ಅಕ್ಷರ ಟೈಪ್ ಮಾಡಿದಾಗ, ಇಲ್ಲವೇ 4 ಸೆಕೆಂಡ್ ಕೈ ಬಿಟ್ಟಾಗ, ಅದುವರೆಗಿನ ಬದಲಾವಣೆ ಅಲ್ಲಿಗೆ ಹೋಗುತ್ತದೆ. ಅದೇ ಫೈಲನ್ನು ಇನ್ನೊಂದು ವಿಮ್‌ನಲ್ಲಿ ತೆರೆಯಲು ಹೋದರೆ ‘ಇ325: ಅಟೆನ್ಷನ್’ ಎಂಬ ಉದ್ದನೆಯ ಎಚ್ಚರಿಕೆ ಎದುರಾಗುತ್ತದೆ.

ಬಹಳಷ್ಟು ಜನ ಇದನ್ನು ಓದುವುದೇ ಇಲ್ಲ. ಸುಮ್ನೆ ‘ಇ’ ಒತ್ತಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಅದರಲ್ಲಿ ಪ್ರೊಸೆಸ್ ಐಡಿ ಎಂಬ ಸಾಲು ಹುಡುಕಿ. ನಂಬರಿನ ನಂತರ ‘ಸ್ಟಿಲ್ ರನ್ನಿಂಗ್’ ಎಂದಿದ್ದರೆ ಆ ಫೈಲ್ ಇದೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಕಡೆ ತೆರೆದೇ ಇದೆ. ‘ಕ್ಯೂ’ ಒತ್ತಿ ಹೊರಬನ್ನಿ, ಅದನ್ನು ಹುಡುಕಿಕೊಂಡು ಹೋಗಿ. ಮೊದಲ ಹೆಜ್ಜೆಯ ‘ಜಾಬ್ಸ್’ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಾಗೇನೂ ಬರೆದಿಲ್ಲದಿದ್ದರೆ, ಹಿಂದಿನ ಸಲ ಕರೆಂಟ್ ಹೋಗಿಯೋ ಸಂಪರ್ಕ ಕಡಿದೋ ವಿಮ್ ಅರ್ಧಕ್ಕೇ ನಿಂತಿರಬಹುದು. ಆಗ ‘ಆರ್’ ಒತ್ತಿ. ಉಳಿದಿದ್ದು ವಾಪಸ್ ಬರುತ್ತದೆ. ಅದನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮೂಲ ಫೈಲ್ ಜೊತೆ ಹೋಲಿಸಿ ನೋಡಿ. ಸರಿಯಿದೆ ಎನಿಸಿದ ಮೇಲೆ ಸ್ವಾಪ್ ಫೈಲನ್ನು ನೀವೇ ಅಳಿಸಿ. ಇಲ್ಲದಿದ್ದರೆ ಮುಂದಿನ ಸಲವೂ ಅದೇ ಎಚ್ಚರಿಕೆ ಕಾದಿರುತ್ತದೆ.

ಇಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್‌ನ ಕ್ರಮ ಸ್ವಲ್ಪ ಬೇರೆ. ಅದು ಫೈಲ್ ತೆರೆದಾಗ ಬೀಗ ಹಾಕುವುದಿಲ್ಲ, ನೀವು ತಿದ್ದಲು ಶುರು ಮಾಡಿದಾಗ ಹಾಕುತ್ತದೆ. ಇನ್ನೊಂದು ಇಮ್ಯಾಕ್ಸ್ ಆಗಲೇ ತಿದ್ದುತ್ತಿದ್ದರೆ, ಬೀಗ ಕಿತ್ತುಕೊಳ್ಳಬೇಕೇ, ಹಾಗೇ ಮುಂದುವರಿಯಬೇಕೇ, ಬಿಟ್ಟುಬಿಡಬೇಕೇ ಎಂದು ಕೇಳುತ್ತದೆ. ಗೊಂದಲವಾದರೆ ಬಿಟ್ಟುಬಿಡುವುದೇ ಕ್ಷೇಮ.

ಹೆಜ್ಜೆ 3: ಒಂದರೊಳಗೇ ಓಡಾಡಿ

ಜಾಸ್ತಿ ಎಡಿಟರ್ ತೆರೆಯುವವರಲ್ಲಿ ಹಲವರಿಗೆ ಒಂದರೊಳಗೇ ಎಷ್ಟು ಫೈಲ್ ಬೇಕಾದರೂ ಇಟ್ಟುಕೊಳ್ಳಬಹುದು ಎಂಬುದೇ ರೂಢಿಯಲ್ಲಿರುವುದಿಲ್ಲ. ವಿಮ್‌ನಲ್ಲಿ ಕೋಲನ್ ಒತ್ತಿ ‘ಇ’ ಮತ್ತು ಫೈಲ್ ಹೆಸರು ಕೊಟ್ಟರೆ ಹೊಸ ಫೈಲ್ ಬರುತ್ತದೆ. ಕೋಲನ್ ಒತ್ತಿ ‘ಎಲ್‌ಎಸ್’ ಕೊಟ್ಟರೆ ಎಲ್ಲದರ ಪಟ್ಟಿ. ಅದರಲ್ಲಿ ಪರ್ಸೆಂಟ್ ಗುರುತು ಇರುವುದು ಈಗಿನದು, ಹ್ಯಾಶ್ ಇರುವುದು ಈಗಷ್ಟೇ ಬಿಟ್ಟು ಬಂದದ್ದು, ಪ್ಲಸ್ ಇರುವುದು ಇನ್ನೂ ಸೇವ್ ಆಗದ್ದು. ಕೋಲನ್ ಒತ್ತಿ ‘ಬಿ’ ಮತ್ತು ಹೆಸರಿನ ಒಂದು ತುಂಡು ಕೊಟ್ಟರೆ ಸಾಕು, ಆ ಫೈಲ್‌ಗೆ ಹೋಗುತ್ತದೆ. ಎರಡೇ ಫೈಲ್ ಮಧ್ಯೆ ಓಡಾಡಲು ಕಂಟ್ರೋಲ್-6.

ಸೇವ್ ಮಾಡದೆ ಬೇರೆ ಫೈಲ್‌ಗೆ ಹೋಗಲು ವಿಮ್ ಬಿಡದಿದ್ದರೆ ಸೆಟ್ಟಿಂಗ್ಸ್ ಫೈಲ್‌ನಲ್ಲಿ ‘ಸೆಟ್ ಹಿಡನ್’ ಎಂಬ ಒಂದು ಸಾಲು ಸೇರಿಸಿ. ಈ ಒಂದು ಸಾಲಿಲ್ಲದ್ದಕ್ಕೇ ಬೇಸತ್ತು ಇನ್ನೊಂದು ವಿಂಡೊ ತೆರೆಯುವವರು ಕಡಿಮೆ ಇರಲಿಕ್ಕಿಲ್ಲ.

ಇದರ ಲಾಭ ಕಾಪಿ ಮಾಡುವಾಗ ಗೊತ್ತಾಗುತ್ತದೆ. ಒಂದು ಫೈಲ್‌ನಲ್ಲಿ ‘ವೈ’ ಎರಡು ಸಲ ಒತ್ತಿ ತೆಗೆದ ಸಾಲನ್ನು ಇನ್ನೊಂದರಲ್ಲಿ ‘ಪಿ’ ಒತ್ತಿ ಹಾಕಬಹುದು. ಎರಡು ಬೇರೆ ವಿಮ್ ಆದರೆ ಆ ಸಾಲು ತಾನಾಗಿ ಆಚೆ ಹೋಗುವುದಿಲ್ಲ. ರೆಕಾರ್ಡ್ ಮಾಡಿದ ಮ್ಯಾಕ್ರೊ (ಮತ್ತೆ ಮತ್ತೆ ಓಡಿಸಬಹುದಾದ ಕೀಗಳ ಸರಣಿ) ಕತೆಯೂ ಅಷ್ಟೇ.

ಹೆಜ್ಜೆ 4: ಬೇರೆ ಪ್ರೋಗ್ರಾಂಗಳಿಗೂ ದಾರಿ ತೋರಿಸಿ

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಂಥ ಪ್ರೋಗ್ರಾಂಗಳು ತಾವೇ ಎಡಿಟರ್ ಕರೆಯುತ್ತವೆ. ಯಾವುದನ್ನು ಕರೆಯಬೇಕು ಎಂಬುದನ್ನು ‘ಎಡಿಟರ್’ ಎಂಬ ದೊಡ್ಡಕ್ಷರದ ವೇರಿಯಬಲ್ (ಟರ್ಮಿನಲ್‌ನಲ್ಲಿ ಹೆಸರಿಟ್ಟು ಉಳಿಸುವ ಸೆಟ್ಟಿಂಗ್) ನೋಡಿ ತಿಳಿದುಕೊಳ್ಳುತ್ತವೆ. ವಿಮ್ ಬಳಸುವವರು ಇಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ, ಕಮಿಟ್ ಸಂದೇಶ (ಬದಲಾವಣೆ ದಾಖಲಿಸುವಾಗ ಬರೆಯುವ ಟಿಪ್ಪಣಿ) ಬರೆದು ಮುಚ್ಚಿದರಾಯಿತು.

ಇಮ್ಯಾಕ್ಸ್ ಹಾಗಲ್ಲ. 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬಿಡುಗಡೆ ಮಾಡಿದ ಗ್ನೂ ಇಮ್ಯಾಕ್ಸ್ ಮೊದಲಿನಿಂದಲೂ ದೊಡ್ಡ ಸಂಸಾರ. ಲಿಸ್ಪ್ ಭಾಷೆಯಲ್ಲಿ ಬರೆದ ಹೆಚ್ಚುವರಿ ಪ್ಯಾಕೇಜುಗಳು ಜಾಸ್ತಿಯಾದಷ್ಟೂ ಶುರುವಾಗುವುದು ನಿಧಾನ. ಅದಕ್ಕೇ ಅದರ ಬಳಕೆದಾರರು ತೆರೆದದ್ದನ್ನು ಮುಚ್ಚುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯವೂ ಇದೆ. ‘ಇಮ್ಯಾಕ್ಸ್’ ಜೊತೆ ‘ಡೀಮನ್’ ಆಯ್ಕೆ ಕೊಟ್ಟು ಒಮ್ಮೆ ಶುರು ಮಾಡಿದರೆ ಅದು ಹಿನ್ನೆಲೆಯಲ್ಲಿ ಕೂತಿರುತ್ತದೆ. ಆಮೇಲೆ ‘ಇಮ್ಯಾಕ್ಸ್‌ಕ್ಲೈಂಟ್’ ಎಂದು ಕರೆದಾಗಲೆಲ್ಲ ಫೈಲ್ ಅದೇ ಇಮ್ಯಾಕ್ಸ್‌ಗೆ ಹೋಗುತ್ತದೆ, ಕಾಯುವುದೇ ಇಲ್ಲ. ವೇರಿಯಬಲ್‌ನಲ್ಲೂ ಇದೇ ಹೆಸರು ಹಾಕಿ. ತಿದ್ದಿ ಮುಗಿದ ಮೇಲೆ ಕಂಟ್ರೋಲ್-ಎಕ್ಸ್, ನಂತರ ಹ್ಯಾಶ್ ಒತ್ತಿದರೆ ಕೆಲಸ ಮುಗಿಯಿತೆಂದು ಗಿಟ್‌ಗೆ ಸುದ್ದಿ ಮುಟ್ಟುತ್ತದೆ.

ವಿಎಸ್ ಕೋಡ್ ಎಂಬ ಎಡಿಟರ್ ಬಳಸುವವರಿಗೆ ಒಂದು ಕಿವಿಮಾತು. ವೇರಿಯಬಲ್‌ನಲ್ಲಿ ‘ಕೋಡ್’ ಎಂದಷ್ಟೇ ಹಾಕಿದರೆ ಅದು ಫೈಲನ್ನು ತೆರೆದಿರುವ ವಿಂಡೊಗೆ ದಾಟಿಸಿ ಕೂಡಲೇ ವಾಪಸ್ ಬರುತ್ತದೆ. ನೀವು ಒಂದಕ್ಷರ ಬರೆಯುವ ಮೊದಲೇ ‘ಸಂದೇಶ ಖಾಲಿ ಇದೆ’ ಎಂದು ಗಿಟ್ ಕಮಿಟ್ ರದ್ದು ಮಾಡುತ್ತದೆ. ಎರಡು ಅಡ್ಡಗೆರೆ ಹಾಕಿ ‘ವೇಟ್’ ಸೇರಿಸಿ.

ಬೇರೆ ತೆರೆಯುವುದೇ ಸರಿಯಾದ ಕಡೆ

ರೂಟ್ ಅಧಿಕಾರ (ಇಡೀ ಸಿಸ್ಟಂ ಮೇಲಿನ ಪೂರ್ಣ ಅಧಿಕಾರ) ಬೇಕಾದ ಫೈಲ್‌ಗೆ ನಿಮ್ಮ ದಿನವಿಡೀ ತೆರೆದ ಎಡಿಟರ್ ಬೇಡ. ‘ಸುಡೊಎಡಿಟ್’ ಬಳಸಿ, ಮುಗಿಸಿ, ಹೊರಬನ್ನಿ. ಭಾರೀ ಲಾಗ್ ಫೈಲ್ ಆದರೂ ಅಷ್ಟೇ. ಅದನ್ನು ತೆರೆದು ಎಡಿಟರ್ ಹೆಪ್ಪುಗಟ್ಟಿದರೆ ಉಳಿದ ಎಲ್ಲ ಫೈಲ್‌ಗಳೂ ಜೊತೆಗೇ ಸಿಕ್ಕಿಬೀಳುತ್ತವೆ. ಬರೀ ಓದುವುದಾದರೆ ‘ಲೆಸ್’ ಸಾಕು. ಒಂದೇ ಎಡಿಟರ್ ಎಂದು ಹಠ ಹಿಡಿಯುವವರು ಈ ಅಪಾಯದ ಬಗ್ಗೆ ಮಾತಾಡುವುದೇ ಕಡಿಮೆ, ಅಲ್ವಾ?

ಎರಡು ಪ್ರಾಜೆಕ್ಟ್ ಇದ್ದರೆ ಎರಡು ಎಡಿಟರ್ ಇರಲಿ. ಫೋಲ್ಡರ್, ಹುಡುಕಾಟ, ಫೈಲ್ ಪಟ್ಟಿ ಒಂದಕ್ಕೊಂದು ಬೆರೆಯುವುದಿಲ್ಲ.

ಹೆಜ್ಜೆ 5: ಮುಚ್ಚುವ ಮೊದಲು

ಕಂಪ್ಯೂಟರ್ ಆಫ್ ಮಾಡಲೇಬೇಕಾದ ದಿನ ತೆರೆದ ಫೈಲ್‌ಗಳ ಜೋಡಣೆ ಕಳೆದುಹೋಗದಂತೆ ನೋಡಿಕೊಳ್ಳಬಹುದು. ವಿಮ್‌ನಲ್ಲಿ ಕೋಲನ್ ಒತ್ತಿ ‘ಎಂಕೆಸೆಷನ್’ ಕೊಡಿ. ಆ ಫೋಲ್ಡರ್‌ನಲ್ಲೇ ಒಂದು ಸೆಷನ್ ಫೈಲ್ ಉಳಿಯುತ್ತದೆ. ಮರುದಿನ ಅಲ್ಲಿಂದಲೇ ‘ವಿಮ್’ ಜೊತೆ ಒಂದು ಅಡ್ಡಗೆರೆ, ದೊಡ್ಡ ‘ಎಸ್’ ಕೊಟ್ಟರೆ ವಿಂಡೊಗಳೆಲ್ಲ ಇದ್ದ ಜಾಗಕ್ಕೇ ಬರುತ್ತವೆ. ಇಮ್ಯಾಕ್ಸ್‌ನಲ್ಲಿ ಇದಕ್ಕೆ ‘ಡೆಸ್ಕ್‌ಟಾಪ್ ಸೇವ್ ಮೋಡ್’ ಇದೆ. ಆದರೆ ಸೆಷನ್ ಫೈಲ್‌ನಲ್ಲಿ ಫೈಲ್‌ಗಳ ಹೆಸರು, ಜೋಡಣೆ ಮಾತ್ರ ಇರುತ್ತದೆ, ಸೇವ್ ಮಾಡದ ಬರಹ ಇರುವುದಿಲ್ಲ. ಹಾಗಾಗಿ ಮುಚ್ಚುವ ಮೊದಲು ವಿಮ್‌ನಲ್ಲಿ ಕೋಲನ್ ಒತ್ತಿ ‘ಡಬ್ಲ್ಯುಎ’ ಕೊಡಿ. ತೆರೆದ ಫೈಲ್‌ಗಳಲ್ಲಿ ಬದಲಾಗಿರುವುದೆಲ್ಲ ಒಟ್ಟಿಗೇ ಸೇವ್ ಆಗುತ್ತದೆ.