ಹಳೆಯ ಐಮ್ಯಾಕ್‌ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಬಗೆ

2011ರ 27 ಇಂಚಿನ ಐಮ್ಯಾಕ್‌ನ ಪರದೆ ಇಂದಿಗೂ ಸೊಗಸಾಗಿದೆ, ಪ್ರೊಸೆಸರ್ ದಿನದ ಕೆಲಸಕ್ಕೆ ಸಾಕು. ತೊಡಕಿರುವುದು ಗ್ರಾಫಿಕ್ಸ್‌ನಲ್ಲಿ. ಅದರ ಮೂಲ ರೇಡಿಯಾನ್ ಕಾರ್ಡಿನಲ್ಲಿ ಆಪಲ್‌ನ ಗ್ರಾಫಿಕ್ಸ್ ತಂತ್ರಾಂಶವಾದ ಮೆಟಲ್ ನಡೆಯುವುದಿಲ್ಲ. ಹೈ ಸಿಯೆರಾ ನಂತರ ಬಂದ ಮ್ಯಾಕ್‌ಓಎಸ್ ಆವೃತ್ತಿಗಳಿಗೆ ಮೆಟಲ್ ಬೇಕೇ ಬೇಕು. ಪುಣ್ಯಕ್ಕೆ ಇದರಲ್ಲಿ ಕಾರ್ಡನ್ನು ಬೋರ್ಡಿಗೆ ಬೆಸೆದಿಲ್ಲ, ಕಾರ್ಡನ್ನು ಕಳಚಿ ಬದಲಿಸಬಹುದಾದ ಎಂಎಕ್ಸ್‌ಎಂ ಸ್ಲಾಟಿನಲ್ಲಿ ಕೂರಿಸಿದ್ದಾರೆ. 2012ರ ಕೊನೆಯ ಮಾದರಿಯಿಂದೀಚೆಗೆ ಬೆಸುಗೆಯೂ ಬಂತು, ಪರದೆಗೆ ಅಂಟೂ ಬಂತು. ಅಂಥ ಯಂತ್ರವಿದ್ದವರು ಮುಂದೆ ಓದಿ ಫಲವಿಲ್ಲ.

ನಾನು ಆರಿಸಿಕೊಂಡದ್ದು ಎನ್‌ವಿಡಿಯಾ ಕ್ವಾಡ್ರೊ ಕೆ2100ಎಂ. ಇದಕ್ಕಿಂತ ಬಲವಾದ ಕಾರ್ಡ್‌ಗಳು ಇದೇ ಸ್ಲಾಟಿಗೆ ಸಿಗುತ್ತವೆ. ಆದರೆ ಪರದೆ, ಪ್ರೊಸೆಸರ್, ಪವರ್ ಸಪ್ಲೈ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬೇಯುವಾಗ ನಾನು ಮೊದಲು ನೋಡಿದ್ದು ವೇಗವನ್ನಲ್ಲ, ವಾಟ್ ಎಷ್ಟೆಂದು. ಇದು 55 ವಾಟ್; 2 ಜಿಬಿ ಮೆಮೊರಿ ನನಗೆ ಧಾರಾಳ.

ಕಾರ್ಡನ್ನು ಹಾಗೆಯೇ ಸಿಕ್ಕಿಸಿದರೆ ಮ್ಯಾಕ್‌ಓಎಸ್ ಡ್ರೈವರ್ ಎದ್ದೇಳುವವರೆಗೆ ಪರದೆ ಕತ್ತಲೆ. ಆಪ್ಷನ್ ಕೀ ಒತ್ತಿ ಡಿಸ್ಕ್ ಆರಿಸುವ ಪುಟವೂ ಕಾಣದು. ಆದ್ದರಿಂದ ಐಮ್ಯಾಕ್‌ಗೆಂದು ಮಾರ್ಪಡಿಸಿದ ವಿಬಯಾಸ್, ಅಂದರೆ ಕಾರ್ಡಿನ ಚಿಪ್ಪಿನಲ್ಲಿ ಕೂತು ಅದನ್ನು ಎಬ್ಬಿಸುವ ತಂತ್ರಾಂಶ, ತುಂಬಬೇಕು. ಚಿಪ್ಪನ್ನು ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ಸಾಧನದ ಕ್ಲಿಪ್ಪನ್ನು ಆ ಚಿಪ್ಪಿಗೆ ಕಚ್ಚಿಸಿ, ಮೂಲ ಪ್ರತಿಯನ್ನು ಎರಡು ಸಲ ಓದಿಸಿ, ಎರಡೂ ಒಂದೇ ಎಂದು ಖಚಿತವಾದ ಮೇಲೆಯೇ ಹೊಸದನ್ನು ಬರೆದೆ. ಈ ಕೆಲಸ ಯಂತ್ರ ಬಿಚ್ಚುವ ಮೊದಲೇ ಮುಗಿಯಬೇಕು.

ಬಿಚ್ಚುವುದು ಅಂದುಕೊಂಡಷ್ಟು ಕಷ್ಟವಲ್ಲ. ಗಾಜು ಅಯಸ್ಕಾಂತಗಳಿಗೆ ಅಂಟಿಕೊಂಡಿರುತ್ತದೆ. ಸಕ್ಷನ್ ಕಪ್ ಹಿಡಿದು ಎಳೆದರೆ ಬರುತ್ತದೆ. ಪರದೆಯ ಟಾರ್ಕ್ಸ್ ಸ್ಕ್ರೂಗಳನ್ನು ಕಳಚಿ, ಮೇಲ್ಬದಿಯನ್ನು ಸ್ವಲ್ಪವೇ ಎತ್ತಿ ಹಿಂದಿನ ವೈರ್‌ಗಳನ್ನು ಬಿಡಿಸಬೇಕು. ಪವರ್ ಸಪ್ಲೈ ಮಾತ್ರ ತಮಾಷೆಯ ವಸ್ತುವಲ್ಲ: ಪ್ಲಗ್ ಕಿತ್ತು ಬಹಳ ಹೊತ್ತು ಬಿಟ್ಟರೂ ಅದನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಕಾರ್ಡ್ ತಲುಪಲು ಯಂತ್ರದ ಮುಖ್ಯ ಬೋರ್ಡಾದ ಲಾಜಿಕ್ ಬೋರ್ಡನ್ನೇ ಹೊರತೆಗೆಯಬೇಕು. ಪ್ರತಿ ಕನೆಕ್ಟರಿನ ಫೋಟೊ ತೆಗೆದಿಟ್ಟುಕೊಳ್ಳಿ.

ನಿಜವಾದ ಕೆಲಸ ಚಿಪ್ಪಿನ ಬಿಸಿ ಹೀರುವ ತಾಮ್ರದ ಹೀಟ್‌ಸಿಂಕಿನದು. ಹಳೆಯ ಕಾರ್ಡಿಗೆಂದು ಮಾಡಿದ ತಾಮ್ರ ಹೊಸ ಕಾರ್ಡಿನ ಮೇಲೆ ಸಮನಾಗಿ ಕೂರುತ್ತದೆಂಬ ಖಾತರಿ ಇಲ್ಲ. ಬಿಸಿ ದಾಟಿಸುವ ಥರ್ಮಲ್ ಪೇಸ್ಟನ್ನು ತೆಳುವಾಗಿ ಹಚ್ಚಿ, ಸ್ಕ್ರೂಗಳನ್ನು ಕರ್ಣಾಕಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದು, ಮತ್ತೆ ಕಳಚಿ ಗುರುತು ನೋಡಿದೆ. ಮೂಲೆಯಲ್ಲಿ ಪೇಸ್ಟ್ ಹರಡಿರಲಿಲ್ಲ. ಮೆಮೊರಿ ಚಿಪ್‌ಗಳ ಮೇಲಿನ ಪ್ಯಾಡ್ ದಪ್ಪವಾಗಿ ಸಿಂಕನ್ನು ಎತ್ತಿ ಹಿಡಿದಿತ್ತು. ತೆಳುವಾದ ಪ್ಯಾಡ್ ಹಾಕಿದ ಮೇಲೆ ಚಿಪ್ಪಿನ ತುಂಬ ಗುರುತು ಮೂಡಿತು. ತಾಮ್ರಕ್ಕೆ ತೀರ ಹತ್ತಿರವಿದ್ದ ಬಿಡಿಭಾಗಗಳ ಮೇಲೆ ಬಿಸಿ ತಾಳುವ, ವಿದ್ಯುತ್ ಹರಿಯಗೊಡದ ಕಾಪ್ಟನ್ ಟೇಪ್ ಅಂಟಿಸಿದೆ. ಇಲ್ಲಿ ಅವಸರ ಮಾಡುವವರು ಕಾರ್ಡ್ ಕೊಳ್ಳದಿರುವುದೇ ಮೇಲು.

ಗಾಜು ಮುಚ್ಚುವ ಮುನ್ನ ಲಾಜಿಕ್ ಬೋರ್ಡಿನ ನಾಲ್ಕು ಪುಟ್ಟ ದೀಪಗಳನ್ನು ನೋಡಬೇಕು. ಮೂರನೆಯದು ಬೆಳಗಿದರೆ ಯಂತ್ರ ಕಾರ್ಡನ್ನು ಗುರುತಿಸಿದೆ, ನಾಲ್ಕನೆಯದು ಬೆಳಗಿದರೆ ಪರದೆಯೊಡನೆ ಮಾತು ನಡೆದಿದೆ. ನಾಲ್ಕೂ ಬೆಳಗಿದವು, ಡಿಸ್ಕ್ ಆರಿಸುವ ಪುಟವೂ ಬಂತು.

ಹಳೆಯ ಮ್ಯಾಕ್‌ಗಳಲ್ಲಿ ಹೊಸ ಮ್ಯಾಕ್‌ಓಎಸ್ ನಡೆಸುವ ಓಪನ್‌ಕೋರ್ ಲೆಗಸಿ ಪ್ಯಾಚರ್ ಬಳಸಿ ಬಿಗ್ ಸರ್ ಆವೃತ್ತಿ ಹಾಕಿಕೊಂಡೆ. ಈ ಕಾರ್ಡಿನ ಕೆಪ್ಲರ್ ಪೀಳಿಗೆಗೆ ಡ್ರೈವರ್ ಇರುವ ಕೊನೆಯ ಆವೃತ್ತಿ ಅದು. ಮುಂದಿನ ಆವೃತ್ತಿಯಾದ ಮಾಂಟೆರೆಯಲ್ಲಿ ಆಪಲ್ ಆ ಡ್ರೈವರನ್ನು ಕೈಬಿಟ್ಟಿದೆ. ವಿಡಿಯೊ ಸಂಕಲನದ ತಂತ್ರಾಂಶ ಈಗ ತಕರಾರಿಲ್ಲದೆ ತೆರೆಯುತ್ತದೆ. ಹೊಸ ಆಟಗಳ ಆಸೆಯಿದ್ದವರು ಮಾತ್ರ ಈ ಗೋಜಿಗೆ ಹೋಗಬೇಡಿ, ಇದು ಅದಕ್ಕೆ ಸಾಲದು.