ಅಮಿಗಾ 1200ಕ್ಕೆ ಹಾರ್ಡ್ ಡಿಸ್ಕ್: ಯಾವುದನ್ನು ಕೊಳ್ಳಬೇಕು, ಹೇಗೆ ಕೂರಿಸಬೇಕು?

ಕಮೊಡೋರ್ ಕಂಪನಿ 1992ರಲ್ಲಿ ಬಿಡುಗಡೆ ಮಾಡಿದ ಮನೆಬಳಕೆಯ ಕಂಪ್ಯೂಟರ್ ಅಮಿಗಾ 1200 ನಿಮ್ಮ ಕೈ ಸೇರಿದೆಯೇ? ಹಾಗಾದರೆ ಮೊದಲು ಅದಕ್ಕೊಂದು ಹಾರ್ಡ್ ಡಿಸ್ಕ್ ಹಾಕಿ. ಫ್ಲಾಪಿ ಬದಲಾಯಿಸುತ್ತಾ ಕೂರುವ ತಾಳ್ಮೆ ಈಗ ಯಾರಿಗಿದೆ? ಡಿಸ್ಕ್ ಜೋಡಿಸುವ 44 ಪಿನ್ನಿನ ಐಡಿಇ ಕನೆಕ್ಟರ್ ಮದರ್‌ಬೋರ್ಡ್ ಮೇಲೇ ಇದೆ. ಅಮಿಗಾ 500ಕ್ಕೆ ಆ ಭಾಗ್ಯವಿಲ್ಲ, ಅದಕ್ಕೆ ಪ್ರತ್ಯೇಕ ಕಂಟ್ರೋಲರ್ ಬೇಕು.

ಯಾವುದು ಸೂಕ್ತ?

ಹಳೆಯ ಲ್ಯಾಪ್‌ಟಾಪಿನ 2.5 ಇಂಚಿನ ಐಡಿಇ ಡಿಸ್ಕ್ ನೇರವಾಗಿ ಹೊಂದುತ್ತದೆ. ಆದರೆ ಅದಕ್ಕೂ ವಯಸ್ಸಾಗಿರುತ್ತದೆ, ಯಾವಾಗ ಕೈಕೊಡುತ್ತದೋ ಹೇಳಲಾಗದು. ನನ್ನ ಮತ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡಿಗೆ. ಸದ್ದಿಲ್ಲ, ಬಿಸಿಯಿಲ್ಲ, ಅಗ್ಗದ ಅಡಾಪ್ಟರ್ ಸಾಕು. 3.5 ಇಂಚಿನ ಡಿಸ್ಕಿನ ಗೊಡವೆ ಬೇಡ. ಅದು 12 ವೋಲ್ಟನ್ನೂ ಕೇಳುತ್ತದೆ, ಈ ಕನೆಕ್ಟರ್ ಕೊಡುವುದು 5 ವೋಲ್ಟ್ ಮಾತ್ರ.

ದೊಡ್ಡ ಕಾರ್ಡಿನ ಆಸೆ ಬಿಡಿ. ಯಂತ್ರವನ್ನು ಚಾಲೂ ಮಾಡುವ ತಂತ್ರಾಂಶ ಅಡಗಿರುವ ಕಿಕ್‌ಸ್ಟಾರ್ಟ್ 3.0 ಮತ್ತು 3.1 ರೋಮ್ (ROM) ಚಿಪ್‌ಗಳಿಗೆ 4 ಜಿಬಿಯ ಆಚೆ ಲೆಕ್ಕ ಬರುವುದಿಲ್ಲ. ಅದರಾಚೆ ಬರೆಯಲು ಹೋದರೆ ಸುತ್ತಿ ಬಂದು ಕಾರ್ಡಿನ ಆರಂಭದ ಮೇಲೇ ಬರೆದು, ಇದ್ದದ್ದನ್ನೂ ಅಳಿಸಿಬಿಡುತ್ತದೆ. 4 ಜಿಬಿ ಕಾರ್ಡ್ ಧಾರಾಳ. ಒಂದು ಫ್ಲಾಪಿ ಹಿಡಿಸುತ್ತಿದ್ದದ್ದು 880 ಕೆಬಿ ಎಂಬುದು ನೆನಪಿರಲಿ.

ಕೂರಿಸುವುದು

ಪವರ್ ತೆಗೆದು ಯಂತ್ರವನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿ. ಮತ್ತೆ ನೇರ ಮಾಡಿ ಮೇಲಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ, ಎಳೆಯಬೇಡಿ, ದೀಪಗಳ ವೈರ್ ಅದಕ್ಕೆ ಅಂಟಿಕೊಂಡಿರುತ್ತದೆ. ಕೀಬೋರ್ಡ್ ಎತ್ತಿದರೆ ಬೋರ್ಡ್ ಕಾಣುತ್ತದೆ. ಒಳಗೆ ಕಣ್ಣಾಡಿಸುವಾಗ ಕೆಪಾಸಿಟರ್‌ಗಳ ಬುಡವನ್ನೂ ನೋಡಿ. ಅಲ್ಲಿ ಪಸೆಯೋ ಹಸಿರು ಕಲೆಯೋ ಇದ್ದರೆ ಡಿಸ್ಕಿನ ಕೆಲಸ ಬದಿಗಿಟ್ಟು ಮೊದಲು ರಿಪೇರಿ ಮಾಡಿಸಿ.

ಕೇಬಲ್ಲಿನ ಕೆಂಪು ಗೆರೆ ಒಂದನೇ ಪಿನ್ನಿನ ಕಡೆ ಬರಬೇಕು. ಬೋರ್ಡಿನಲ್ಲಿ ‘1’ ಎಲ್ಲಿ ಅಚ್ಚಾಗಿದೆ ಎಂದು ಟಾರ್ಚ್ ಹಾಕಿ ಹುಡುಕಿ. ಇದೇ ಕೇಬಲ್ಲಿನಲ್ಲಿ ಕರೆಂಟೂ ಹರಿಯುವುದರಿಂದ, ತಿರುಗಾಮುರುಗಾ ಆದರೆ ಕಾರ್ಡ್ ಸುಟ್ಟೀತು.

ಪಾರ್ಟಿಷನ್

ಅಮಿಗಾದ ಸಿಸ್ಟಮ್ ಫ್ಲಾಪಿಗಳಲ್ಲಿ ಒಂದಾದ ‘ಇನ್‌ಸ್ಟಾಲ್’ ಫ್ಲಾಪಿಯಿಂದ ಬೂಟ್ ಮಾಡಿ ‘ಎಚ್‌ಡಿಟೂಲ್‌ಬಾಕ್ಸ್’ ತೆರೆಯಿರಿ, ಡಿಸ್ಕನ್ನು ಭಾಗಗಳಾಗಿ (ಪಾರ್ಟಿಷನ್) ಹಂಚುವ ಸಾಧನ ಅದೇ. ಕಾರ್ಡಿನ ಹೆಸರು ಕಾಣದಿದ್ದರೆ ಡ್ರೈವ್ ಟೈಪ್ ಬದಲಿಸುವ ಕಡೆ ‘ರೀಡ್ ಕಾನ್ಫಿಗರೇಷನ್’ ಒತ್ತಿ. ಎರಡು ಭಾಗ ಮಾಡಿ: ಸಿಸ್ಟಮ್ಮಿಗೆ 500 ಎಂಬಿಯ ಡಿಎಚ್0, ಉಳಿದದ್ದು ಆಟಗಳಿಗೆ ಡಿಎಚ್1. ಡಿಎಚ್0ಗೆ ಬೂಟೆಬಲ್ ಗುರುತು ಇರಬೇಕು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅಡ್ವಾನ್ಸ್‌ಡ್ ಆಯ್ಕೆಗಳಲ್ಲಿ ಎರಡೂ ಪಾರ್ಟಿಷನ್ನುಗಳ ‘ಮ್ಯಾಕ್ಸ್‌ಟ್ರಾನ್ಸ್‌ಫರ್’ (ಒಂದೇ ಸಲಕ್ಕೆ ಸಾಗಿಸುವ ದತ್ತಾಂಶದ ಮಿತಿ) ಬೆಲೆಯನ್ನು 0ಎಕ್ಸ್‌1ಎಫ್‌ಇ00 (0x1FE00) ಎಂದು ಬದಲಿಸಿ. ಅಂದರೆ 1,30,560 ಬೈಟ್, 512 ಬೈಟಿನ 255 ಸೆಕ್ಟರುಗಳು. ಇದನ್ನು ಬಿಟ್ಟರೆ ಸಣ್ಣ ಫೈಲುಗಳೆಲ್ಲ ಸರಿಯಾಗಿಯೇ ಕಾಪಿ ಆಗುತ್ತವೆ, ದೊಡ್ಡವು ಮಾತ್ರ ಸದ್ದಿಲ್ಲದೆ ಕೆಟ್ಟಿರುತ್ತವೆ. ಕಾರ್ಡೇ ಸರಿಯಿಲ್ಲವೆಂದು ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವುದು ಆಮೇಲೆ.

ಸೇವ್ ಮಾಡಿ ರೀಬೂಟ್ ಆದ ಮೇಲೆ ಎರಡೂ ಐಕಾನುಗಳಿಗೆ ‘ಕ್ವಿಕ್ ಫಾರ್ಮ್ಯಾಟ್’ ಕೊಟ್ಟು ಇನ್‌ಸ್ಟಾಲರ್ ಓಡಿಸಿ, ಅದು ಕೇಳಿದ ಫ್ಲಾಪಿ ಹಾಕುತ್ತಾ ಹೋಗಿ. ಇನ್ನು ಮುಂದೆ ಯಂತ್ರ ಆಫ್ ಮಾಡುವಾಗ ಡಿಸ್ಕ್ ದೀಪ ಆರಿದ ಮೇಲೂ ಕೆಲವು ಸೆಕೆಂಡ್ ಕಾಯಿರಿ. ಬರೆಯುವ ನಡುವೆ ಕರೆಂಟ್ ಹೋದರೆ ಪಾರ್ಟಿಷನ್ ‘ವ್ಯಾಲಿಡೇಟ್’ (ತನ್ನ ಲೆಕ್ಕವನ್ನು ತಾನೇ ಪರಿಶೀಲಿಸಿಕೊಳ್ಳುವುದು) ಆಗಬೇಕೆಂದು ಹಟ ಹಿಡಿಯುತ್ತದೆ.

ಬ್ಯಾಕಪ್‌ಗೆಂದು ಕಾರ್ಡನ್ನು ಪಿಸಿಗೆ ಹಾಕಿದರೆ ವಿಂಡೋಸ್‌ಗೆ ಅಮಿಗಾ ಫಾರ್ಮ್ಯಾಟ್ ಅರ್ಥವಾಗದೆ, ‘ಫಾರ್ಮ್ಯಾಟ್ ಮಾಡಲೇ?’ ಎನ್ನುತ್ತದೆ. ಬೇಡ ಎನ್ನಿ. ಇಡೀ ಕಾರ್ಡನ್ನು ಇಮೇಜ್ ಫೈಲಾಗಿ ಓದಿಕೊಳ್ಳುವ ತಂತ್ರಾಂಶದಿಂದಲೇ ಪ್ರತಿ ತೆಗೆಯಿರಿ.